ಒದ್ದೆ ತುಪ್ಪಳ

ಬೆಕ್ಕಿನ ಹೆಗಲ ತುಪ್ಪಳದಲ್ಲಿ ಮೂಗು ಹುದುಗಿಸಿ ಅವನು ದೀರ್ಘವಾಗಿ ಉಸಿರೆಳೆದುಕೊಂಡ. ಏನೂ ಬರಲಿಲ್ಲ. ಬೆಕ್ಕಿನ ಮೈವಾಸನೆ ಬರಲಿಲ್ಲ, ಅದು ಈಗಷ್ಟೇ ತಿಂದು ಮುಗಿಸಿದ ಕೋಳಿಯ ವಾಸನೆ ಬರಲಿಲ್ಲ, ಇನ್ಸುಲಿನ್ನಿಗೆ ಇರುವ, ಗಾಯದ ಪಟ್ಟಿಯನ್ನು ನೆನಪಿಸುವ ಆ ಆಸ್ಪತ್ರೆ ಘಾಟೂ ಬರಲಿಲ್ಲ. ಗಾಳಿ ಒಳಗೆ ಹೋಯಿತು, ಗಾಳಿ ಹೊರಗೆ ಬಂತು, ಅಷ್ಟೆ. ಎದುರಿಗೆ ಮಂಡಿಯೂರಿ ಕೂತ ಹೆಂಡತಿ ಖಾಲಿ ಸಿರಿಂಜನ್ನು ಬೆಳಕಿಗೆ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಅವನ ತೊಡೆಗಳ ನಡುವೆ ಸಿಕ್ಕಿಕೊಂಡಿದ್ದ ಬೆಕ್ಕು, ಮನೆಯವರ ಬಾಯಲ್ಲಿ ದೊರೆ, ಸೂಜಿ ಚುಚ್ಚುವ ಗಳಿಗೆಗೆ ಸರಿಯಾಗಿ ಮೈ ಕೊಡವಿತ್ತು. ಎತ್ತಿ ಹಿಡಿದ ಚರ್ಮದ ಮಡಿಕೆಯೊಳಗೆ ಮದ್ದು ನಿಂತಿತೋ, ಇಲ್ಲ ಸೂಜಿ ಮಡಿಕೆಯನ್ನು ತೂರಿಕೊಂಡು ಆಚೆ ಬಂದು ಮದ್ದೆಲ್ಲ ತುಪ್ಪಳದ ಮೇಲೆ ಚೆಲ್ಲಿತೋ, ಕಣ್ಣಿನಿಂದ ನೋಡಿ ಹೇಳುವ ಹಾಗಿಲ್ಲ. ಮೂಸಿಯೇ ಹೇಳಬೇಕು. ಈ ಮನೆಯಲ್ಲಿ ಆ ಕೆಲಸ ಅವನದು. ಹೆಂಡತಿಗೆ ತುಪ್ಪಳ ಮೂಗಿಗೆ ತಾಗಿದರೆ ಸಾಕು, ಸೀನಿನ ಮೇಲೆ ಸೀನು. "ನನ್ನ ಮೂಗು ಕನ್ನಡಕ ಇಡೋದಕ್ಕೆ, ನಿಮ್ಮದು ಸಂಬಳ ತರೋದಕ್ಕೆ" ಎಂದು ಅವಳು ಶುರುವಿನಲ್ಲೇ ಕೆಲಸ ಹಂಚಿಬಿಟ್ಟಿದ್ದಳು. ಅವಳು ಚುಚ್ಚುವುದು, ಅವನು ಹಿಡಿಯುವುದು ಮತ್ತು ಮೂಸುವುದು.

"ಹೋಯ್ತೇನ್ರೀ ಒಳಗೆ?"

ಅವನು ಇನ್ನೊಮ್ಮೆ ಬಗ್ಗಿದ. ವಾಸನೆ ಹಿಡಿಯಲಿಕ್ಕಲ್ಲ, ಉತ್ತರ ಹುಡುಕಲಿಕ್ಕೆ. ಈ ಸಲ ಮೂಗಿನ ತುದಿಗೆ ಏನೋ ತಣ್ಣಗೆ ತಾಗಿತು. ತುಪ್ಪಳ ಅಲ್ಲೊಂದು ಕಡೆ ಒದ್ದೆಯಾಗಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಯಿತು.

"ಹೊರಗೆ ಬಿದ್ದಿದೆ."

"ಎಲ್ಲಾನಾ?"

"ಎಲ್ಲಾ."

ಅವಳು ಸಿರಿಂಜನ್ನು ಡಬ್ಬಿಗೆ ಹಾಕಿ, ಹೊಸದನ್ನು ಬಿಚ್ಚಲು ಹೋಗಿ, ನಿಂತಳು. "ಸಂಶಯ ಇದ್ರೆ ಇನ್ನೊಂದು ಸಲ ಕೊಡ್ಲೇಬೇಡಿ ಅಂದಿದ್ರು ಡಾಕ್ಟ್ರು. ಒಂದು ಹೊತ್ತು ತಪ್ಪಿದ್ರೆ ಏನೂ ಆಗಲ್ಲ, ಎರಡೆರಡು ಸಲ ಹೋದ್ರೆ ಕಷ್ಟ ಅಂತ. ಒಂದು ಫೋನ್ ಮಾಡಿ ಕೇಳೋಣ್ವಾ?"

"ಸಂಶಯ ಇದ್ದವರಿಗೆ ಆ ಮಾತು. ನನಗೆ ಸಂಶಯ ಇಲ್ಲ. ಇಷ್ಟಕ್ಕೆಲ್ಲ ಅವರನ್ನ ಯಾಕೆ ಎಬ್ಬಿಸ್ತೀಯ?"

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ಅದರ ಗಟ್ಟಿತನ ಕೇಳಿ ಆಶ್ಚರ್ಯವಾಯಿತು. ಅವಳು ಹೊಸ ಸಿರಿಂಜು ಬಿಚ್ಚಿದಳು. ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಮತ್ತೆ ಎರಡು ಗೆರೆಯಷ್ಟು ಮದ್ದು ಎಳೆದು, ಗುಳ್ಳೆ ಹೋಗಲೆಂದು ಉಗುರಿನಿಂದ ತಟ್ಟಿ, ಚರ್ಮ ಎತ್ತಿ ಚುಚ್ಚಿದಳು. ಈ ಸಲ ದೊರೆ ಕದಲಲಿಲ್ಲ. ಎಷ್ಟು ಸಾಧುವಾಗಿ ಕೂತಿತ್ತೆಂದರೆ ಅವಳು ಅದರ ಹಣೆ ಸವರಿ "ನೋಡು, ಹೀಗೆ ಮೊದಲೇ ಕೂತಿದ್ರೆ?" ಎಂದು ಗದರಿದಳು. ಮೂಸುವ ಅಗತ್ಯವೇ ಬೀಳಲಿಲ್ಲ. ಅದೊಂದು ನೆಮ್ಮದಿ ಅವನಿಗೆ.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ಗಾದೆ. ಅವನ ವಿಷಯದಲ್ಲಿ ನೆಗಡಿಯೇ ಮೂಗು ಕೊಯ್ದುಕೊಂಡು ಹೋಗಿತ್ತು. ಎಲ್ಲರಿಗೂ ಬರುವಂಥ ಒಂದು ಜ್ವರ, ನೆಗಡಿ, ಕೆಮ್ಮು. ಎಲ್ಲವೂ ಬಿಟ್ಟವು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ಸಾಬೂನು ಕಾರ್ಖಾನೆಯಲ್ಲಿ ಅವನ ಹೆಸರೇ ಮೂಗಪ್ಪ. ಪ್ರತಿ ಪಾಕವೂ ಅಚ್ಚಿಗೆ ಹೋಗುವ ಮುಂಚೆ ಕಾಗದದ ಪಟ್ಟಿಯ ಮೇಲೆ ಅವನ ಮುಂದೆ ಬರಬೇಕು, ಅವನು ಕಣ್ಣು ಮುಚ್ಚಿ ಮೂಸಬೇಕು, ಹೂಂ ಅನ್ನಬೇಕು. ಹೂಂ ಅನ್ನುವವರೆಗೆ ಅಷ್ಟು ದೊಡ್ಡ ಯಂತ್ರ ಕೈಕಟ್ಟಿ ನಿಂತಿರುತ್ತದೆ. ಈಗಲೂ ಕಣ್ಣು ಮುಚ್ಚುತ್ತಾನೆ, ಆದರೆ ಪೂರ್ತಿ ಅಲ್ಲ. ರೆಪ್ಪೆಯ ಸಂದಿಯಿಂದ ಪಕ್ಕದ ಮೇಜಿನ ಹೆಂಗಸಿನ ಮುಖ ನೋಡುತ್ತಾನೆ. ಅವಳ ಮೂಗಿನ ಹೊಳ್ಳೆ ಅರಳಿದರೆ ಹೂಂ, ಹುಬ್ಬು ಒಂದಿಷ್ಟು ಕೂಡಿದರೆ "ಸ್ವಲ್ಪ ಎಣ್ಣೆ ಮುಂದಾಗಿದೆ, ಇನ್ನೊಮ್ಮೆ ತಿರುಗಿಸಿ". ಮೊನ್ನೆ ಮ್ಯಾನೇಜರು ಅವನ ಮುಂದೆ ಪಟ್ಟಿ ಹಿಡಿದು "ಹೇಗಿದೆ ಮೂಗಪ್ಪೋರೆ?" ಎಂದಾಗ ಆ ಹೆಂಗಸು ಊಟಕ್ಕೆ ಎದ್ದು ಹೋಗಿದ್ದಳು. ಅವನು ಪಟ್ಟಿಯನ್ನು ಎಡ ಹೊಳ್ಳೆಗೆ, ಬಲ ಹೊಳ್ಳೆಗೆ, ಮತ್ತೆ ಎಡಕ್ಕೆ ಒಯ್ದು, "ಹಳೇದಕ್ಕಿಂತ ಗಂಭೀರವಾಗಿದೆ" ಎಂದ. ಮ್ಯಾನೇಜರು ತಲೆದೂಗಿ ನಕ್ಕ. ಆ ನಗುವಿನಲ್ಲಿ ಏನಿತ್ತು ಎಂದು ಅವನು ಈಗಲೂ ಸ್ನಾನದ ಮನೆಯಲ್ಲಿ ನಿಂತು ಯೋಚಿಸುತ್ತಾನೆ. ಪಟ್ಟಿಯನ್ನು ಬರೀ ನೀರಿನಲ್ಲಿ ಅದ್ದಿ ತಂದಿರಬಹುದೇ? ಕೆಲಸ ಹೋಗುತ್ತದೆಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡದು, ಮೂಗು ತೆಗೆದರೆ ತನ್ನಲ್ಲಿ ಉಳಿಯುವುದು ಏನು ಎಂಬ ನಾಚಿಕೆ. ಅವನಿಗೆ ಹಾಡಲು ಬಾರದು, ಮೊಳೆ ಹೊಡೆಯಲು ಬಾರದು, ಅಂಗಡಿಯವನ ಹತ್ತಿರ ಜಗಳವಾಡಲೂ ಬಾರದು. ಹೆಂಡತಿ ಮದುವೆಯಾದ ಹೊಸದರಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡಿದ್ದು ಒಂದೇ: ನಮ್ಮನೆಯವರು ಮಳೆ ಬರೋದನ್ನೂ ಮೂಸಿ ಹೇಳ್ತಾರೆ ಅಂತ.

ಅವಳು ತಲೆ ಬಾಚಿಕೊಂಡು ಬಂದು, ಮಲಗಿದ ದೊರೆಯ ಹೊಟ್ಟೆ ಮುಟ್ಟಿ ನೋಡಿ, ಚೀಲ ಹೆಗಲಿಗೇರಿಸಿದಳು. "ಎರಡನೇ ಪಾಳಿ ತಾನೆ ನಿಮ್ಮದು? ಅಲ್ಲಿವರೆಗೆ ಒಂದು ಕಣ್ಣಿಟ್ಟಿರಿ." ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ದಿನವಿಡೀ ಗಾಜು ಬದಲಿಸುತ್ತ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುತ್ತಾಳೆ. ವಾಹನದ ಲೈಸೆನ್ಸಿಗಾಗಿ ಅಕ್ಷರಗಳ ಸಾಲನ್ನು ಬಾಯಿಪಾಠ ಮಾಡಿಕೊಂಡು ಬರುವವರಿದ್ದಾರಂತೆ. ಅವರನ್ನು ಅವಳು ಕೂತ ಭಂಗಿಯಲ್ಲೇ ಹಿಡಿಯುತ್ತಾಳೆ. "ಕಾಣದೇ ಇರೋರು ಯೋಚನೆ ಮಾಡಲ್ಲ ಕಣ್ರೀ, ಗಡಗಡ ಅಂತ ಓದಿಬಿಡ್ತಾರೆ" ಎಂದು ಒಮ್ಮೆ ಊಟ ಮಾಡುತ್ತ ನಕ್ಕಿದ್ದಳು, ಅವನೂ ನಕ್ಕಿದ್ದ. ಬೆಳಿಗ್ಗೆ ತಾನು 'ಎಲ್ಲಾ' ಎಂದದ್ದೂ ಹಾಗೇ ಗಡಗಡ ಆಯಿತೇ? ಬಾಗಿಲು ಹಾಕಿಕೊಂಡ ಸದ್ದಾದ ಮೇಲೂ ಅವಳು ಹೊಸ್ತಿಲಾಚೆ ನಿಂತು ಇನ್ನೇನೋ ಕೇಳಲಿದ್ದಾಳೆ ಎನ್ನಿಸಿ ಅವನು ಹಜಾರದಲ್ಲೇ ಸ್ವಲ್ಪ ಹೊತ್ತು ನಿಂತ.

ದೊರೆಗೆ ಸಕ್ಕರೆ ಕಾಯಿಲೆ ಎಂದಾಗ ಮೊದಲು ನಕ್ಕವನು ಅವನೇ. ಬೆಕ್ಕಿಗೂ ಬರುತ್ತದೆಯೇ ಅದು, ಅದೇನು ಲಾಡು ತಿನ್ನುತ್ತದೆಯೇ? ಆದರೆ ನಲ್ಲಿಯ ಕೆಳಗೆ ತಲೆಯಿಟ್ಟು ಕುಡಿದದ್ದೇ ಕುಡಿದದ್ದು, ಅದರ ಕಕ್ಕಸಿಗೆಂದು ಮಣ್ಣು ಹಾಕಿಟ್ಟ ತಟ್ಟೆ ತುಂಬಿ ಹರಿಯುವಷ್ಟು ಉಚ್ಚೆ, ಎಷ್ಟು ತಿಂದರೂ ಬೆನ್ನೆಲುಬು ಮೇಲೆದ್ದ ಮೈ. ಹಿಂಗಾಲುಗಳನ್ನು ಬೆರಳ ಮೇಲೆ ಊರದೆ ಹಿಮ್ಮಡಿಯವರೆಗೂ ನೆಲಕ್ಕೆ ಒರಗಿಸಿ ನಡೆಯತೊಡಗಿದಾಗ ಹೆಂಡತಿ ಅದನ್ನು ಬುಟ್ಟಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಕಿವಿಯಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ಮೀಟರಿಗೆ ಹಿಡಿಯುವುದನ್ನು ಅವಳು ಒಂದೇ ದಿನದಲ್ಲಿ ಕಲಿತಳು. ಅವನಿಗೆ ಕೈ ನಡುಗುತ್ತದೆ. ಕಾಲು ಈಚೆಗಷ್ಟೇ ನೆಟ್ಟಗಾಗುತ್ತಿತ್ತು, ಮೊನ್ನೆ ಕುರ್ಚಿ ಹತ್ತಿತ್ತು. ಆದರೆ ಹೋದ ವಾರ ಒಂದು ಬೆಳಿಗ್ಗೆ ಹೀಗೇ ಆಗಿತ್ತು. ಅವತ್ತೂ ಬೆಕ್ಕು ಕೊಡವಿತ್ತು, ಅವತ್ತೂ ಅವನು ಮೂಸಿದ್ದ, ಏನೂ ಬರಲಿಲ್ಲವಾದ್ದರಿಂದ ಒಳಗೆ ಹೋಗಿದೆ ಎಂದಿದ್ದ. ಸಂಜೆ ಸಕ್ಕರೆ ಮುಗಿಲಿಗೇರಿತ್ತು. ಹೆಂಡತಿ ತನ್ನನ್ನೇ ಬೈದುಕೊಂಡಳು, ತಾನೇ ಜಾಸ್ತಿ ಊಟ ಹಾಕಿರಬೇಕು ಎಂದು ತಟ್ಟೆಯನ್ನು ತೂಗಿ ನೋಡಿದಳು. ಅವನು ಬಾಯಿ ಬಿಡಲಿಲ್ಲ. ಇವತ್ತು ಹೊರಗೆ ಬಿದ್ದಿದೆ ಎಂದದ್ದರಲ್ಲಿ ಹೋದ ವಾರದ ಆ ಸಾಲವೂ ಸೇರಿತ್ತು.

ಬಟ್ಟೆ ಕಣ್ಣಿಗೆ ಬಿದ್ದದ್ದು ಆಮೇಲೆ. ಕಿಟಕಿಯ ಕಟ್ಟೆಯ ಮೇಲೆ ಅಂಗೈಯಗಲದ ಬಿಳಿ ಬಟ್ಟೆ, ಹಿಂಡದೆ ಬಿಟ್ಟದ್ದು, ತುದಿಯಿಂದ ಇನ್ನೂ ನೀರು ಇಳಿಯುತ್ತಿತ್ತು. ರಕ್ತ ಸಲೀಸಾಗಿ ಬರಲೆಂದು ಹೆಂಡತಿ ದಿನವೂ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ದೊರೆಯ ಕಿವಿಗೆ ಒತ್ತುತ್ತಾಳೆ. ಇವತ್ತು ಹೊತ್ತಾಯಿತೆಂದು ಸರಿಯಾಗಿ ಹಿಂಡಿರಲಿಲ್ಲ. ಕಿವಿಯಿಂದ ನೀರು ಕತ್ತಿಗೆ ಇಳಿದಿದೆ, ಕತ್ತಿನಿಂದ ಹೆಗಲಿಗೆ. ಅವನು ಬಟ್ಟೆಯನ್ನು ಎತ್ತಿ ಮೂಗಿಗೆ ಹಿಡಿದ, ಅಭ್ಯಾಸ ಎಲ್ಲಿ ಹೋಗುತ್ತದೆ. ಆಮೇಲೆ ಅದನ್ನು ಕೆನ್ನೆಗೆ ಒತ್ತಿಕೊಂಡ. ಅದೇ ತಣ್ಣಗಿನ ಒದ್ದೆ. ಎರಡು ಗೆರೆಯ ಮದ್ದೆಂದರೆ ಒಂದು ಹನಿಯೂ ಆಗುವುದಿಲ್ಲ, ಅದಕ್ಕೆ ಅಷ್ಟಗಲ ತುಪ್ಪಳ ಹೇಗೆ ನೆನೆದೀತು ಎಂಬುದು ಸಣ್ಣ ಮಗುವಿಗೂ ಹೊಳೆಯಬೇಕಾಗಿದ್ದ ಲೆಕ್ಕ. ಒಳಗೇ ಹೋಗಿರಬೇಕು. ಮೊದಲನೆಯದೂ ಒಳಗೇ ಹೋಗಿರಬೇಕು. ಹೋಗದೆಯೂ ಇರಬಹುದು, ನೀರೂ ಇದ್ದು ಮದ್ದೂ ಚೆಲ್ಲಿರಬಹುದು. ಆ 'ಇರಬಹುದು' ಹಿಡಿದುಕೊಂಡು ಅವನು ಬೆಕ್ಕಿನ ಎದುರು ನೆಲದ ಮೇಲೆ ಕೂತ.

ದೊರೆ ಎದ್ದಿತು. ಎದ್ದು ಖಾಲಿ ತಟ್ಟೆಯ ಹತ್ತಿರ ಹೋಗಿ ನೆಕ್ಕಿತು, ಅವನತ್ತ ತಿರುಗಿ ಕೂಗಿತು, ಮತ್ತೆ ನೆಕ್ಕಿತು. ಹಸಿವು ಒಳ್ಳೆಯ ಲಕ್ಷಣ ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ. ಹೇಳಿ ಮುಗಿಸುವಷ್ಟರಲ್ಲಿ ಅದು ಕುರ್ಚಿಗೆ ನೆಗೆಯಲು ಹಿಂಗಾಲು ಮಡಿಸಿ, ನೆಗೆಯದೆ, ಒಂದು ಬದಿಗೆ ವಾಲಿ, ಕುಡಿದವರಂತೆ ಎರಡು ಹೆಜ್ಜೆ ಅಡ್ಡ ಹಾಕಿ, ಮೇಜಿನ ಕಾಲಿಗೆ ಹಣೆ ಹೊಡೆದುಕೊಂಡಿತು. ಕಣ್ಣಿನ ಪಾಪೆ ಪೂರ್ತಿ ಅಗಲವಾಗಿತ್ತು, ಅವನನ್ನು ನೋಡುತ್ತಿತ್ತು ಆದರೆ ಅವನೆಂದು ನೋಡುತ್ತಿರಲಿಲ್ಲ. ಕಿವಿಯಂಚಿಗೆ ಸೂಜಿ ಹೇಗೆ ತಾಗಿಸಿದನೋ, ತನ್ನ ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡನೋ. ಮೀಟರು ಅಂಕಿ ತೋರಿಸಲಿಲ್ಲ, ಅಂಕಿಗೂ ಕೆಳಗೆ ಎಂಬ ಗುರುತು ತೋರಿಸಿತು. ಫೋನಿನಲ್ಲಿ ಹೆಂಡತಿಯ ಹೆಸರು ಮೊದಲು ಬಂತು. ಅದನ್ನು ದಾಟಿಸಿ ಡಾಕ್ಟರರ ನಂಬರು ಒತ್ತಿದ.

"ಮೊದಲು ಜೇನು ತಗೊಳ್ಳಿ. ಬೆರಳಲ್ಲಿ ಒಸಡಿಗೆ ಉಜ್ಜಿ. ಬಾಯಿಗೆ ಸುರೀಬೇಡಿ, ಉಸಿರಾಟದ ಕೊಳವೆಗೆ ಹೋಗುತ್ತೆ," ಎಂದರು ಡಾಕ್ಟರು. ಹೆಂಗಸಿನ ದನಿ, ಹಿಂದೆ ಯಾವುದೋ ನಾಯಿ ಬೊಗಳುತ್ತಿತ್ತು. "ಉಜ್ಜಿದ್ರಾ? ಈಗ ಹೇಳಿ, ಬೆಳಿಗ್ಗೆ ಎಷ್ಟು ಹೋಗಿದೆ ಒಳಗೆ?"

"ಎರಡು ಗೆರೆ. ಯಾವತ್ತಿನ ಹಾಗೆ."

"ಒಂದೇ ಸಲ ತಾನೆ?"

ಜೇನು ಹತ್ತಿದ ಬೆರಳನ್ನು ದೊರೆ ಮೆಲ್ಲಗೆ ಕಚ್ಚುತ್ತಿತ್ತು. "ಮೊದಲನೇದು ಹೊರಗೆ ಬಿತ್ತು ಮೇಡಂ. ಮೂಸಿ ನೋಡಿದೆ. ಲೆಕ್ಕಕ್ಕೆ ಒಂದೇ."

"ಮತ್ತೆ ಕೊಡೋ ಮುಂಚೆ ನನ್ನ ಕೇಳಬೇಕಿತ್ತು. ಹೋಗಲಿ, ಹೊರಗೆ ಬಿದ್ದಿದ್ದು ಗ್ಯಾರಂಟಿನಾ? ಯಾಕೆ ಕೇಳ್ತೀನಿ ಅಂದ್ರೆ, ಒಂದೇ ಆಗಿದ್ರೆ ಅವನಿಗೆ ಕಾಯಿಲೆ ಇಳೀತಿದೆ, ಮದ್ದು ಕಮ್ಮಿ ಮಾಡೋಣ, ಸಂಜೆ ತನ್ನಿ. ಎರಡೂ ಹೋಗಿದ್ರೆ ಜೇನು ಸಾಲಲ್ಲ. ಈಗ ಎದ್ದು ಕೂರ್ತಾನೆ, ಮತ್ತೆ ಬೀಳ್ತಾನೆ. ಈಗಲೇ ತಂದು ಡ್ರಿಪ್ ಹಾಕಬೇಕಾಗುತ್ತೆ."

"ಗ್ಯಾರಂಟಿ," ಎಂದ.

ಯಾಕೆ ಹಾಗಂದೆ ಎಂದು ಆಮೇಲೆ ಎಷ್ಟು ಕೆದಕಿದರೂ ಅವನಿಗೆ ಸಿಕ್ಕಿದ್ದು ಒಂದು ಕ್ಷುಲ್ಲಕ ಕಾರಣ. ಡಾಕ್ಟರು ಹೆಂಡತಿಗೆ ಫೋನ್ ಮಾಡಿಬಿಟ್ಟರೆ ಎಂಬ ಹೆದರಿಕೆ. ಒಂದು ಜೀವ ತೊಡೆಯ ಮೇಲೆ ಜೋತುಬಿದ್ದಿರುವಾಗ ಮನುಷ್ಯನಿಗೆ ಇಂಥ ಲೆಕ್ಕ ಹೊಳೆಯುತ್ತದೆ. ಆದರೆ ಜೇನು ಕೆಲಸ ಮಾಡಿತು. ದೊರೆ ತಲೆಯೆತ್ತಿತು, ಮೂತಿ ನೆಕ್ಕಿಕೊಂಡಿತು, ಅವನು ಹಾಕಿದ ಮಾಂಸವನ್ನು ಗುರುಗುಟ್ಟುತ್ತ ತಿಂದಿತು, ಕಾಲೂರಿ ನಡೆದು ಕಿಟಕಿಯ ಬಿಸಿಲಿಗೆ ಹೋಗಿ ಕೂತು ಪಂಜ ತೊಳೆದುಕೊಳ್ಳತೊಡಗಿತು. ಅವನಿಗೆ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಒಂದೇ ಹೋಗಿದೆ, ತನ್ನ ಮೂಗು ಸತ್ತಿದ್ದರೂ ಎಲ್ಲೋ ಒಳಗೆ ಅದರ ಬುದ್ಧಿ ಸತ್ತಿಲ್ಲ, ಅದೇ ತನ್ನಿಂದ ಸರಿಯಾದ್ದನ್ನು ಹೇಳಿಸಿದೆ ಎಂದೂ ಅನ್ನಿಸಿತು. ಡಾಕ್ಟರೇ ಹೇಳಲಿಲ್ಲವೇ, ಕಾಯಿಲೆ ಇಳಿಯುತ್ತಿದೆ ಎಂದು? ಇದನ್ನು ಹೆಂಡತಿಗೆ ಸಂಜೆ ಯಾವ ಮಾತುಗಳಲ್ಲಿ ಹೇಳಬೇಕು ಎಂದು ಮನಸ್ಸು ಆಗಲೇ ಪೋಣಿಸತೊಡಗಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆಂದು ಆಡಿಕೊಳ್ಳುತ್ತಾರೆ. ಈ ಮನೆಯಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಇತ್ತು, ಮುಚ್ಚಿಕೊಂಡವನು ಅವನು. ಜೇನಿನ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಕಪಾಟಿನಲ್ಲಿ ಇದ್ದ ಜಾಗದಲ್ಲೇ ಇಟ್ಟ, ಲೇಬಲ್ಲು ಮುಂದಕ್ಕೆ ಮಾಡಿ.

ಹೆಂಡತಿಯ ಫೋನು ಬಂದಾಗ ದೊರೆ ಮಲಗಿತ್ತು.

"ಏನ್ ಮಾಡ್ತಿದಾನ್ರೀ ದೊರೆ?"

"ನಿದ್ದೆ."

"ಏನಾದ್ರೂ ತಿಂದ್ನಾ?"

"ಚೆನ್ನಾಗಿ ತಿಂದ."

"ನಂಗ್ಯಾಕೋ ಬೆಳಿಗ್ಗೆಯಿಂದ ಒಂಥರಾ ಆಗ್ತಿದೆ. ಒಬ್ಬರಿಗೆ ಎಡಗಣ್ಣಿನ ನಂಬರ್ ಬಲಗಣ್ಣಿಗೆ ಬರೆದುಬಿಟ್ಟಿದ್ದೆ. ಅವರೇ ಹೇಳಿದ್ರು ಪುಣ್ಯಕ್ಕೆ." ಅವಳು ನಕ್ಕಳು, ನಗು ಅರ್ಧಕ್ಕೆ ನಿಂತಿತು. "ನಿಮಗೆ ಗೊತ್ತಾಗಿದ್ರೆ ಸರಿ ಬಿಡಿ. ನಿಮ್ಮ ಮೂಗನ್ನಲ್ಲದೆ ಇನ್ನೇನನ್ನ ನಂಬ್ಲಿ ನಾನು?"

ಹೂಂ ಎಂದು ಫೋನಿಟ್ಟು ತಿರುಗಿದಾಗ ಬಿಸಿಲಿನಲ್ಲಿ ಮಲಗಿದ್ದ ದೊರೆಯ ಮುಂಗಾಲು ತನ್ನಷ್ಟಕ್ಕೆ ಹೊಡೆದುಕೊಳ್ಳುತ್ತಿತ್ತು. ಕನಸು ಬೀಳುತ್ತಿದೆ ಎಂದುಕೊಂಡ. ಬೆಕ್ಕುಗಳಿಗೆ ಕನಸು ಬೀಳುತ್ತದೆ, ಇಲಿ ಅಟ್ಟುತ್ತವೆ. ಆದರೆ ದವಡೆಯೂ ಕಟಕಟ ಎನ್ನುತ್ತಿತ್ತು, ಬಾಯಂಚಿನಲ್ಲಿ ನೊರೆ ಇತ್ತು, ಮೈಯ ಕೆಳಗೆ ಉಚ್ಚೆ ಹರಿದು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಬೇರೆ ಯಾರಿಗಾದರೂ ಅದರ ನಾತವೇ ಮೊದಲು ಬಂದಿರುತ್ತಿತ್ತು, ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ತಿರುಗಿ ನೋಡಿರುತ್ತಿದ್ದರು. ಜೇನು ತೆಗೆಯಲು ಹೋಗಿ, ತಾನೇ ಬಿಗಿ ಮಾಡಿಟ್ಟ ಮುಚ್ಚಳ ತಿರುಗದೆ, ಬಾಟಲಿಯನ್ನೇ ಗೋಡೆಗೆ ಬಡಿಯಬೇಕೆನ್ನಿಸಿತು. ಕೊನೆಗೆ ಬಿಚ್ಚಿತು. ಬೆರಳಷ್ಟು ಉಜ್ಜಿ, ಬೆಕ್ಕನ್ನು ತನ್ನ ಅಂಗಿಯಲ್ಲೇ ಸುತ್ತಿ, ಬನಿಯನ್ನಿನಲ್ಲಿ ಬೀದಿಗಿಳಿದು, ಕೈ ಅಡ್ಡ ಹಿಡಿದು ನಿಲ್ಲಿಸಿದ ಬಾಡಿಗೆ ಕಾರಿಗೆ ಹತ್ತಿದ. ಚಾಲಕ ಗಾಜು ಇಳಿಸಿ ಮೂಗು ಮುಚ್ಚಿಕೊಂಡು "ಏನ್ ಸಾರ್ ಇದು ವಾಸನೆ" ಎಂದ. ಗೊತ್ತಿಲ್ಲಪ್ಪ, ಎಂದ ಅವನು. ಎಷ್ಟೋ ದಿನಗಳ ನಂತರ ಅವನ ಬಾಯಿಂದ ಬಂದ ಮೊದಲ ನಿಜ ಅದು, ಚಾಲಕನಿಗೆ ಉಡಾಫೆ ಎನ್ನಿಸಿರಬೇಕು.

ಡಾಕ್ಟರು ದೊರೆಯನ್ನು ಸ್ಟೀಲಿನ ಮೇಜಿನ ಮೇಲೆ ಮಲಗಿಸಿ, ಮುಂಗಾಲಿನ ಕೂದಲು ಬೋಳಿಸುತ್ತಲೇ ಕೇಳಿದರು. "ಒಂದೇ ಡೋಸಿಗೆ ಹೀಗಾಗಲ್ಲ. ತಲೆಯಲ್ಲಿ ಬೇರೇನಾದ್ರೂ ತೊಂದರೆ ಇದೆಯಾ ನೋಡಬೇಕು. ಅದಕ್ಕೆ ಬೇರೆ ಮದ್ದು, ಇದಕ್ಕೆ ಬೇರೆ ಮದ್ದು. ನೀವು ಗ್ಯಾರಂಟಿ ಅಂದ್ರಲ್ಲ?"

"ವಾಸನೆ ಬರಲ್ಲ ಮೇಡಂ."

"ಬೆಕ್ಕಿಗಾ?"

"ನನಗೆ. ಎರಡು ತಿಂಗಳಾಯ್ತು. ತೇವ ತಾಗಿತು, ಮದ್ದು ಅಂದ್ಕೊಂಡೆ. ಅದು ನೀರು. ಎರಡೂ ಹೋಗಿರುತ್ತೆ."

ಡಾಕ್ಟರರ ಕೈ ಒಂದು ಕ್ಷಣ ಮಾತ್ರ ನಿಂತಿತು. ಬೈಯಲಿಲ್ಲ. "ಗ್ಲೂಕೋಸ್ ತಗೊಂಡ್ ಬನ್ನಿ," ಎಂದು ಒಳಗಿನ ನರ್ಸಿಗೆ ಕೂಗಿ, ಅವನಿಗೆ "ನೀವು ಹೊರಗಿರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಹೊರಗಿನ ಬೆಂಚಿನಲ್ಲಿ ಮೊಲದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಮುದುಕಿ ಅವನ ಬನಿಯನ್ನನ್ನು, ಅದರ ಮೇಲಿನ ಕಲೆಯನ್ನು ನೋಡಿ ಸ್ವಲ್ಪ ಸರಿದು ಕೂತಳು. ಅಲ್ಲಿಂದ ಅವನು ಹೆಂಡತಿಗೆ ಫೋನ್ ಮಾಡಿದ. ಏನಾಯಿತು ಎಂದು ಅವಳು ಕೇಳಿದಾಗ, ದೊರೆಯ ಆಸ್ಪತ್ರೆಗೆ ಬಾ, ಎಂದಷ್ಟೇ ಹೇಳಿದ.

ಅವಳು ಅಂಗಡಿಯ ಬಿಳಿ ಕೋಟಿನಲ್ಲೇ ಬಂದಳು. ಒಳಗೆ ಹೋಗಿ, ಡಾಕ್ಟರರ ಹತ್ತಿರ ಮಾತಾಡಿ, ಹೊರಗೆ ಬಂದು ಅವನ ಪಕ್ಕ ಕೂತಳು. ಡ್ರಿಪ್ ಹತ್ತಿದೆ, ಸೆಳೆತ ನಿಂತಿದೆ, ಸಂಜೆವರೆಗೆ ಏನೂ ಹೇಳುವ ಹಾಗಿಲ್ಲ ಎಂದಳು. ಮೊದಲ ಫೋನಿಗೇ ಕರೆತಂದಿದ್ದರೆ ಸುಲಭವಿತ್ತಂತೆ, ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಎಲ್ಲವನ್ನೂ ಹೇಳಿದ: ನೆಗಡಿ, ಕಾರ್ಖಾನೆ, ಪಕ್ಕದ ಮೇಜಿನ ಹೆಂಗಸಿನ ಮುಖ, ಹೋದ ವಾರದ ಬೆಳಿಗ್ಗೆ, ಒದ್ದೆ ಬಟ್ಟೆ. ಹೇಳುತ್ತ ಹೋದಂತೆ ಮೈ ಹಗುರಾಯಿತು. ಅಳು ಬರಬಹುದು, ಅವಳು ಕೈ ಹಿಡಿದುಕೊಳ್ಳಬಹುದು ಎಂಬಲ್ಲಿಯವರೆಗೂ ಹೋಯಿತು ಮನಸ್ಸು. ಅವಳು ಎದುರಿನ ಗೋಡೆಯಲ್ಲಿ ಏನನ್ನೋ ಓದುವಂತೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು.

"ಗ್ಯಾಸು?" ಎಂದಳು.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ಮಲಗೋ ಮುಂಚೆ ಅಡುಗೆಮನೆಗೆ ಹೋಗಿ ಮೂಸಿ ನೋಡಿ ಬರ್ತೀರಲ್ಲ. ಬಂದು, ಏನಿಲ್ಲ ಮಲಗು ಅಂತೀರಲ್ಲ. ನಿನ್ನೆನೂ ಅಂದ್ರಿ."

"ಒಲೆಯ ನಾಬು ತಿರುಗಿಸಿ ನೋಡ್ತಿದ್ದೆ ಕಣೇ," ಎಂದ ಅವನು ಆತುರದಿಂದ. "ಸಿಲಿಂಡರಿಂದೂ. ಎರಡೆರಡು ಸಲ. ಸುಮ್ನೆ ಹೇಳಿಲ್ಲ. ಕೈಯಿಂದ ಮುಟ್ಟಿ ನೋಡಿಯೇ ಬರ್ತಿದ್ದೆ."

ಅವಳು ಈಗ ಅವನ ಕಡೆ ತಿರುಗಿದಳು. ಅಂಗಡಿಗೆ ಬಂದವರನ್ನು ನೋಡುವ ಹಾಗೆ, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಸಾವಧಾನವಾಗಿ ನೋಡಿದಳು.

"ಬೆಳಿಗ್ಗೆ ದೊರೆನೂ ಮುಟ್ಟಿಯೇ ನೋಡಿದ್ದಲ್ವಾ?"

ನರ್ಸು ಬಾಗಿಲು ತೆರೆದು, ಬೆಕ್ಕು ಕಣ್ಣು ಬಿಟ್ಟಿದೆ, ಒಬ್ಬರು ಬರಬಹುದು ಎಂದಳು. ಹೆಂಡತಿ ಎದ್ದು ಹೋದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಮೊಲದ ಮುದುಕಿ ಈಗ ಪೂರಾ ಬೆಂಚಿನ ಆ ತುದಿಗೆ ಸರಿದಿದ್ದಳು. ಅವನು ಈ ತುದಿಯಲ್ಲಿ ಕೂತೇ ಇದ್ದ.